ಹೇಟ್ ಕ್ರೈಮ್: ಹನ್ನೊಂದು ಸಾವಿರವೋ, ಎರಡೂವರೆ ಲಕ್ಷವೋ?

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ಮಗಳು, ಅಳಿಯ, ಮೊಮ್ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದಾರೆ. ಅಲ್ಲಿ ವರ್ಷಕ್ಕೆ ಹನ್ನೊಂದು–ಹನ್ನೆರಡು ಸಾವಿರ ಹೇಟ್ ಕ್ರೈಮ್, ಅಂದರೆ ಜನಾಂಗ, ಧರ್ಮದಂಥವುಗಳ ಮೇಲಿನ ದ್ವೇಷದಿಂದ ಮಾಡುವ ಅಪರಾಧಗಳು, ನಡೆಯುತ್ತವೆ ಎಂದು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಹೇಳುತ್ತದೆ. ಅದೇ ಸರ್ಕಾರದ ಇನ್ನೊಂದು ವರದಿ ಎರಡೂವರೆ ಲಕ್ಷ ಅನ್ನುತ್ತದೆ. ಒಂದೇ ದೇಶ, ಒಂದೇ ಅಪರಾಧ, ಇಪ್ಪತ್ತು ಪಟ್ಟು ವ್ಯತ್ಯಾಸ! ಯಾವುದನ್ನು ನಂಬಬೇಕು ಮೇಡಂ? ಅದರಲ್ಲಿ ನಮ್ಮವರ ಮೇಲೆ ನಡೆದವು ಎಷ್ಟು? — ದಾವಣಗೆರೆಯ ಓದುಗರೊಬ್ಬರು

ಉತ್ತರ: ಮೇಷ್ಟ್ರೇ, ಮೊದಲು ಒಂದು ಮಾತು. ಎರಡೂ ಸಂಖ್ಯೆಗಳನ್ನು ಸರ್ಕಾರವೇ ಕೊಟ್ಟಿದೆ, ಎರಡನ್ನೂ ಯಾರೂ ಕಟ್ಟಿ ಹೇಳಿಲ್ಲ. ಆದರೆ ಎಣಿಸಿದ ವಸ್ತು ಬೇರೆ ಬೇರೆ. ಎಫ್‌ಬಿಐ ಎಣಿಸುವುದು ಪೊಲೀಸರು "ಇದು ದ್ವೇಷದಿಂದ ನಡೆದದ್ದು" ಎಂದು ಕಾಗದದ ಮೇಲೆ ಬರೆದು ಕಳಿಸಿದ್ದನ್ನು. ಇನ್ನೊಂದು ವರದಿ ಜನರ ಮನೆಗಳನ್ನೇ ಸಂಪರ್ಕಿಸಿ "ನಿಮಗೆ ಏನಾಯಿತು" ಎಂದು ಕೇಳಿ ಬರೆದದ್ದು. ನಡುವಿನ ಆ ಇಪ್ಪತ್ತು ಪಟ್ಟು ಎಲ್ಲಿ ಸೋರಿಹೋಗುತ್ತದೆ ಎಂಬುದೇ ಈ ವಿಷಯದ ತಿರುಳು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಿಮ್ಮ ಮಗಳಿರುವ ಕಡೆಯದೇ ಒಂದು ಘಟನೆಯಿಂದ ಶುರು ಮಾಡೋಣ. 2022ರ ಆಗಸ್ಟ್‌ನಲ್ಲಿ ಡಲ್ಲಾಸ್ ಪಕ್ಕದ ಪ್ಲೇನೋ ಊರಿನಲ್ಲಿ, ಹೋಟೆಲೊಂದರ ಪಾರ್ಕಿಂಗ್ ಜಾಗದಲ್ಲಿ, ಭಾರತೀಯ ಮೂಲದ ನಾಲ್ವರು ಹೆಂಗಸರ ಮೇಲೆ ಇನ್ನೊಬ್ಬ ಹೆಂಗಸು ಕೈಮಾಡಿದಳು. ಭಾರತಕ್ಕೆ ವಾಪಸ್ ಹೋಗಿ ಎಂದು ಕಿರುಚಿದಳು. ಅವರಲ್ಲೊಬ್ಬರು ಫೋನಿನಲ್ಲಿ ಅದನ್ನು ಚಿತ್ರೀಕರಿಸಿದರು, ವಿಡಿಯೊ ಊರೆಲ್ಲ ಹರಿದಾಡಿತು, ಮರುದಿನವೇ ಬಂಧನ ಆಯಿತು. ಹೇಟ್ ಕ್ರೈಮ್ ಎಂದೇ ತನಿಖೆ ಮಾಡುತ್ತಿದ್ದೇವೆ ಎಂದು ಅಲ್ಲಿನ ಪೊಲೀಸರು ಹೇಳಿದರು.

ಈಗ ಅದೇ ದೃಶ್ಯವನ್ನು ವಿಡಿಯೊ ಇಲ್ಲದೆ ಊಹಿಸಿಕೊಳ್ಳಿ. ರಾತ್ರಿ ಹತ್ತು ಗಂಟೆ. ಗಸ್ತಿನ ಪೊಲೀಸ್ ಒಬ್ಬ ಬರುತ್ತಾನೆ. ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಹೇಳುತ್ತಾರೆ. ಅವನು ಕಾರಿನಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ವರದಿ ತುಂಬುತ್ತಾನೆ: ಸ್ಥಳ, ಸಮಯ, ಹಲ್ಲೆ, ಆಯುಧ ಇಲ್ಲ. ಆ ವರದಿಯಲ್ಲಿ "ಬಯಾಸ್" ಎಂಬ ಒಂದು ಕಾಲಂ ಇರುತ್ತದೆ. ದ್ವೇಷ ಯಾವ ಗುಂಪಿನ ಮೇಲೆ ಎಂಬುದಕ್ಕೆ ಅಲ್ಲಿ ಎರಡಂಕಿಯ ಸಂಕೇತ ಹಾಕಬೇಕು. ಕಪ್ಪು ಜನರ ವಿರುದ್ಧವಾದರೆ 12, ಯಹೂದಿಗಳ ವಿರುದ್ಧವಾದರೆ 21, ಹಿಂದೂಗಳ ವಿರುದ್ಧವಾದರೆ 84, ಸಿಖ್ಖರ ವಿರುದ್ಧವಾದರೆ 85. ದ್ವೇಷದ ಸುಳಿವೇ ಇಲ್ಲದಿದ್ದರೆ 88. ಗೊತ್ತಿಲ್ಲದಿದ್ದರೆ 99. ಈ ಕಾಲಂ ಖಾಲಿ ಬಿಡುವ ಹಾಗಿಲ್ಲ. ಸುಸ್ತಾದ ಪೊಲೀಸನಿಗೆ, ತರಬೇತಿ ಇಲ್ಲದವನಿಗೆ, "ಬರೀ ಪಾರ್ಕಿಂಗ್ ಜಗಳ" ಎಂದುಕೊಂಡವನಿಗೆ 88 ಒತ್ತುವುದು ಎಲ್ಲಕ್ಕಿಂತ ಸುಲಭ. ಒತ್ತಿದನೆಂದರೆ ಮುಗಿಯಿತು. ಹಲ್ಲೆ ಹಲ್ಲೆಯಾಗಿ ದಾಖಲಾಗುತ್ತದೆ, ದ್ವೇಷ ದೇಶದ ಲೆಕ್ಕದಿಂದ ಹೊರಗೆ ಉಳಿಯುತ್ತದೆ.

ಅವನು ಅನುಮಾನಪಟ್ಟು ಸರಿಯಾದ ಸಂಕೇತ ಹಾಕಿದರೂ ಇನ್ನೊಂದು ಮೆಟ್ಟಿಲಿದೆ. ಎಫ್‌ಬಿಐ ಹೇಳಿಕೊಡುವ ಕ್ರಮದಲ್ಲಿ ಠಾಣೆಯ ಎರಡನೇ ಅಧಿಕಾರಿಯೊಬ್ಬರು ಆ ವರದಿಯನ್ನು ಮತ್ತೆ ಓದಿ, ಆಡಿದ ಮಾತು, ಬರೆದ ಚಿಹ್ನೆ, ಜಾಗ, ದಿನ, ಹಿಂದಿನ ಘಟನೆಗಳು ಎಲ್ಲ ನೋಡಿ, "ಹೌದು, ದ್ವೇಷವೇ ಕಾರಣ" ಎಂದು ನಿರ್ಧರಿಸಬೇಕು. ಬೈಗುಳ ಕೇಳಿಸಿದ ಮಾತ್ರಕ್ಕೆ ಸಾಲದು. ಆ ಕೃತ್ಯಕ್ಕೆ ದ್ವೇಷ ಪೂರ್ತಿಯಾಗಿಯೋ ಭಾಗಶಃವಾಗಿಯೋ ಪ್ರೇರಣೆ ಆಗಿರಬೇಕು. ಅಲ್ಲಿಂದ ಟೆಕ್ಸಾಸ್ ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಗೆ, ಅಲ್ಲಿಂದ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿರುವ ಎಫ್‌ಬಿಐ ಕಚೇರಿಗೆ. ವರ್ಷದ ಕೊನೆಗೆ ನೀವು ಓದುವ ಸಂಖ್ಯೆ ಇಷ್ಟೂ ಕೈ ದಾಟಿ ಬಂದದ್ದು.

ನಿಮಗೆ ಇಷ್ಟವಾಗುವ ಒಂದು ಲೆಕ್ಕವೂ ಇಲ್ಲಿದೆ. ಪ್ಲೇನೋದಂಥ ಘಟನೆಯನ್ನು ನಿಯಮದ ಪ್ರಕಾರ ಎಣಿಸಿದರೆ ಘಟನೆ ಒಂದು, ಹಲ್ಲೆಗೆ ಒಳಗಾದವರು ನಾಲ್ವರು. ಮನುಷ್ಯರ ಮೇಲಿನ ಅಪರಾಧವನ್ನು ತಲೆಗೊಂದರಂತೆ ಎಣಿಸುವುದರಿಂದ ನಾಲ್ವರ ಮೇಲೂ ಕೈ ಬಿದ್ದಿದ್ದರೆ ಅಪರಾಧ ನಾಲ್ಕು. 2023ರ ವರದಿಯಲ್ಲಿ 11,862 ಘಟನೆ, 13,829 ಅಪರಾಧ ಎಂದು ಎರಡು ಸಂಖ್ಯೆ ಕಾಣುವುದು ಇದಕ್ಕೇ. ಪತ್ರಿಕೆಯೊಂದು ಒಂದನ್ನು ಹಿಡಿದು, ಇನ್ನೊಂದು ಪತ್ರಿಕೆ ಮತ್ತೊಂದನ್ನು ಹಿಡಿದು ಬರೆದರೆ ಓದುವವರಿಗೆ ಗೊಂದಲವಾಗದೆ ಇರುತ್ತದೆಯೇ?

ಇಷ್ಟಾದ ಮೇಲೆ, ಈ ವ್ಯವಸ್ಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ: ಸೊನ್ನೆ.

1990ರ ಏಪ್ರಿಲ್‌ನಲ್ಲಿ ಅಮೆರಿಕ ಹೇಟ್ ಕ್ರೈಮ್ ಅಂಕಿಅಂಶ ಕಾಯ್ದೆ ತಂದಿತು. ಜನಾಂಗ, ಧರ್ಮ, ಲೈಂಗಿಕ ಒಲವು, ಮೂಲ ಇವುಗಳ ಮೇಲಿನ ದ್ವೇಷದ ಅಪರಾಧಗಳ ಲೆಕ್ಕ ಇಡಬೇಕು ಎಂದಿತು. 1994ರಲ್ಲಿ ಅಂಗವೈಕಲ್ಯವನ್ನು, 2009ರಲ್ಲಿ ಲಿಂಗ ಮತ್ತು ಲಿಂಗ ಗುರುತನ್ನು ಸೇರಿಸಿದರು. ಆದರೆ ಆ ಕಾಯ್ದೆ ಲೆಕ್ಕ ಇಡುವ ಹೊಣೆ ಹೊರಿಸಿದ್ದು ಕೇಂದ್ರ ಸರ್ಕಾರದ ಮೇಲೆ. ದೇಶದಲ್ಲಿರುವ ಹದಿನೆಂಟು ಸಾವಿರಕ್ಕೂ ಹೆಚ್ಚು ಪೊಲೀಸ್ ಸಂಸ್ಥೆಗಳು — ಊರಿನ ಪೊಲೀಸ್, ಕೌಂಟಿಯ ಶೆರಿಫ್, ವಿಶ್ವವಿದ್ಯಾಲಯದ ಪೊಲೀಸ್ — ಎಫ್‌ಬಿಐಗೆ ಲೆಕ್ಕ ಕೊಡಲೇಬೇಕು ಎಂದು ಕೇಂದ್ರದ ಕಾನೂನು ಹೇಳುವುದಿಲ್ಲ. ಅದು ಅವರ ಇಚ್ಛೆಗೆ ಬಿಟ್ಟದ್ದು. ಎಫ್‌ಬಿಐ ನಮ್ಮ ಡಿಜಿಪಿ ಕಚೇರಿಯ ಹಾಗೆ ಅವರ ಮೇಲಧಿಕಾರಿ ಅಲ್ಲ, ಸುತ್ತೋಲೆ ಹೊರಡಿಸಿ ತರಿಸಿಕೊಳ್ಳಲು ಬರುವುದಿಲ್ಲ.

2019ರಲ್ಲಿ 15,588 ಸಂಸ್ಥೆಗಳು ಲೆಕ್ಕ ಕೊಟ್ಟವು. ಅವುಗಳಲ್ಲಿ ಒಂದಾದರೂ ಹೇಟ್ ಕ್ರೈಮ್ ನಡೆದಿದೆ ಎಂದವು 2,172. ಉಳಿದ ಸುಮಾರು 86 ಶೇಕಡಾ ಸಂಸ್ಥೆಗಳ ಲೆಕ್ಕದಲ್ಲಿ ವರ್ಷಪೂರ್ತಿ ಸೊನ್ನೆ. ಅವುಗಳಲ್ಲಿ ಇನ್ನೂರು ಮನೆಯ ಹಳ್ಳಿಗಳೂ ಇವೆ, ಅಲ್ಲಿನ ಸೊನ್ನೆ ನಿಜದ ಸೊನ್ನೆಯೇ ಇದ್ದೀತು. ಆದರೆ ಲಕ್ಷ ಮೀರಿದ ಜನಸಂಖ್ಯೆಯ ನಗರಗಳೂ ಇವೆ. ನೀವು ತರಗತಿ ನಡೆಸಿದವರು. ಹಾಜರಿ ಪುಸ್ತಕದಲ್ಲಿ "ಗೈರು: 0" ಎಂದಿದ್ದರೆ ಎಲ್ಲ ಮಕ್ಕಳೂ ಬಂದಿದ್ದರು ಎಂದೂ ಆಗಬಹುದು, ಅವತ್ತು ಹಾಜರಿ ಕರೆದೇ ಇಲ್ಲ ಎಂದೂ ಆಗಬಹುದು. ಪುಸ್ತಕ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಎಫ್‌ಬಿಐ ಕೋಷ್ಟಕದ ಸೊನ್ನೆಗಳೂ ಹಾಗೆಯೇ.

ಕೋರ್ಟಿನಲ್ಲಿ ದ್ವೇಷವೆಂದು ಹೆಸರಾದ ಸಾವುಗಳೇ ಈ ಲೆಕ್ಕದಲ್ಲಿ ಬಿಟ್ಟುಹೋಗಿವೆ. 2016ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಲೆಬನಾನ್ ಮೂಲದವರೊಬ್ಬರನ್ನು ಪಕ್ಕದ ಮನೆಯವನು ಕೊಂದ. 2017ರ ಆಗಸ್ಟ್ 12ರಂದು ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯರ ಪಾರಮ್ಯದ ಮೆರವಣಿಗೆಯನ್ನು ವಿರೋಧಿಸಲು ಬಂದವರ ಮೇಲೆ ಒಬ್ಬ ಕಾರು ಹರಿಸಿ ಯುವತಿಯೊಬ್ಬಳನ್ನು ಕೊಂದ. ಜಗತ್ತೇ ಟಿವಿಯಲ್ಲಿ ನೋಡಿತು. ಎರಡರಲ್ಲೂ ಹೇಟ್ ಕ್ರೈಮ್ ಎಂದೇ ಆರೋಪ ಹೊರಿಸಲಾಯಿತು. ಎರಡೂ ಎಫ್‌ಬಿಐ ಅಂಕಿಅಂಶದಲ್ಲಿ ಬರಲಿಲ್ಲ. ಕೊಲೆಯಾದ ಆ ಇಬ್ಬರ ಹೆಸರಿನಲ್ಲೇ 2021ರಲ್ಲಿ ಒಂದು ಕಾನೂನು ಬಂತು, ಲೆಕ್ಕ ಸುಧಾರಿಸಿಕೊಳ್ಳುವ ಪೊಲೀಸರಿಗೆ ಅನುದಾನ ಕೊಡಲು. ಒಳ್ಳೆಯದೇ. ಆದರೆ ಅದೂ ಕಡ್ಡಾಯ ಮಾಡಲಿಲ್ಲ.

ಇನ್ನು ನಿಮ್ಮ ಎರಡೂವರೆ ಲಕ್ಷ. ಅದು ಅಮೆರಿಕದ ನ್ಯಾಯ ಅಂಕಿಅಂಶ ಕಚೇರಿಯ ಸಮೀಕ್ಷೆ. ಹನ್ನೆರಡು ವರ್ಷ ತುಂಬಿದವರನ್ನು ಮನೆಮನೆಯ ಮಾದರಿಯಲ್ಲಿ ಆಯ್ದು, ಪೊಲೀಸರಿಗೆ ಹೇಳಿರಲಿ ಬಿಡಲಿ, ಏನಾಯಿತೆಂದು ಕೇಳುತ್ತಾರೆ. ದ್ವೇಷದಿಂದ ಆಯಿತು ಎಂದು ಸುಮ್ಮನೆ ಅನ್ನಿಸಿದರೆ ಲೆಕ್ಕಕ್ಕಿಲ್ಲ. ಎದುರಿನವನು ದ್ವೇಷದ ಮಾತು ಆಡಿರಬೇಕು, ಚಿಹ್ನೆ ಬಿಟ್ಟುಹೋಗಿರಬೇಕು, ಇಲ್ಲವೇ ಪೊಲೀಸರು ಖಚಿತಪಡಿಸಿರಬೇಕು. 2004ರಿಂದ 2015ರವರೆಗೆ ವರ್ಷಕ್ಕೆ ಸರಾಸರಿ ಎರಡೂವರೆ ಲಕ್ಷ ಎಂಬುದು ಅದರಿಂದ ಬಂದ ಅಂದಾಜು. 2011–15ರ ಅವಧಿಯಲ್ಲಿ ಇಂಥವುಗಳಲ್ಲಿ 54 ಶೇಕಡಾ ಪೊಲೀಸರ ಕಿವಿಗೇ ಬಿದ್ದಿಲ್ಲ ಎಂದೂ ಅದೇ ಸಮೀಕ್ಷೆ ಹೇಳಿತು.

ಕಳೆಯುವ ಲೆಕ್ಕ ಮಾಡಿ ನೋಡಿ. ಎರಡೂವರೆ ಲಕ್ಷದಲ್ಲಿ 54 ಶೇಕಡಾ ಹೋದರೆ ಉಳಿಯುವುದು ಸುಮಾರು 1,15,000. ಅಷ್ಟು ಪೊಲೀಸರಿಗೆ ಗೊತ್ತಾಗಿತ್ತು. ಆ ಕಾಲದಲ್ಲಿ ಎಫ್‌ಬಿಐ ಪ್ರಕಟಿಸಿದ್ದು ಎಷ್ಟು? 2014ರಲ್ಲಿ 5,479 ಘಟನೆ, 2015ರಲ್ಲಿ 5,850. ಒಂದು ಘಟನೆಗೆ ಹಲವರು ತುತ್ತಾಗಿರುತ್ತಾರೆ, ಸಮೀಕ್ಷೆಗೆ ಅಂದಾಜಿನ ದೋಷ ಇದ್ದೇ ಇರುತ್ತದೆ, ಎಲ್ಲ ಒಪ್ಪೋಣ. ಆದರೂ ಲಕ್ಷ ಎಲ್ಲಿ, ಆರು ಸಾವಿರ ಎಲ್ಲಿ? "ಜನ ದೂರು ಕೊಡುವುದಿಲ್ಲ, ಅದಕ್ಕೇ ಲೆಕ್ಕ ಕಡಿಮೆ" ಎಂದು ಅಧಿಕಾರಿಗಳು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅದು ಅರ್ಧ ನಿಜ. ಜನ ಬಂದು ಹೇಳಿದ ಮೇಲೂ ಠಾಣೆಯ ಒಳಗೇ, ಆ 88ರಲ್ಲಿ, ಆ ಎರಡನೇ ಮೆಟ್ಟಿಲಿನಲ್ಲಿ, ಕಳಿಸದೆ ಉಳಿದ ಕಡತದಲ್ಲಿ ಲಕ್ಷದಷ್ಟು ಸೋರಿಹೋಗುತ್ತವೆ. ತಪ್ಪನ್ನು ಪೂರ್ತಿ ಏಟು ತಿಂದವರ ಮೌನದ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ವರ್ಷದಿಂದ ವರ್ಷಕ್ಕೆ ಏರಿತು, ಇಳಿಯಿತು ಎಂಬ ಗ್ರಾಫ್? ಅದನ್ನು ನೋಡುವಾಗ ಇನ್ನೂ ಎಚ್ಚರ ಬೇಕು. 2021ರ ಜನವರಿಯಿಂದ ಎಫ್‌ಬಿಐ ಹಳೆಯ ಪದ್ಧತಿ ಬಿಟ್ಟು, ಪ್ರತಿ ಘಟನೆಯ ಪೂರ್ತಿ ವಿವರ ಕೇಳುವ ಹೊಸ ಪದ್ಧತಿಯಲ್ಲೇ ಲೆಕ್ಕ ಬೇಕೆಂದಿತು. ನ್ಯೂಯಾರ್ಕ್, ಲಾಸ್ ಏಂಜಲಿಸ್ ಪೊಲೀಸರು ಇನ್ನೂ ಅದಕ್ಕೆ ಬದಲಾಗಿರಲಿಲ್ಲ. 2022ರ ಡಿಸೆಂಬರ್‌ನಲ್ಲಿ 2021ರ ಲೆಕ್ಕ ಬಂದಾಗ 7,262 ಘಟನೆ ಎಂದಿತ್ತು. ಹಿಂದಿನ ವರ್ಷದ 8,263ಕ್ಕೆ ಹೋಲಿಸಿ "ಅಮೆರಿಕದಲ್ಲಿ ದ್ವೇಷ ಇಳಿಯಿತು" ಎಂದುಕೊಂಡವರೂ ಇದ್ದರು. ಬಿಟ್ಟುಹೋದ ದೊಡ್ಡ ನಗರಗಳಿಂದ ಲೆಕ್ಕ ತರಿಸಿಕೊಂಡು 2023ರ ಮಾರ್ಚ್‌ನಲ್ಲಿ ಮತ್ತೆ ಪ್ರಕಟಿಸಿದಾಗ ಅದೇ 2021ರ ಸಂಖ್ಯೆ 10,840 ಆಗಿತ್ತು. ಬೀದಿಯಲ್ಲಿ ನಡೆದದ್ದು ಏನೂ ಬದಲಾಗಿರಲಿಲ್ಲ. ಲೆಕ್ಕ ಕೊಟ್ಟ ಸಂಸ್ಥೆಗಳು 11,834ರಿಂದ 14,859ಕ್ಕೆ ಏರಿದ್ದವು, ಅಷ್ಟೆ. ಆದ್ದರಿಂದ ಘಟನೆಗಳ ಸಂಖ್ಯೆ ಓದುವಾಗ ಪಕ್ಕದಲ್ಲಿ ಎಷ್ಟು ಸಂಸ್ಥೆ ಲೆಕ್ಕ ಕೊಟ್ಟವು ಎಂಬ ಸಂಖ್ಯೆ ಕಾಣದಿದ್ದರೆ ಆ ಗ್ರಾಫನ್ನು ಪಕ್ಕಕ್ಕಿಡಿ.

ದೇಶ ದೇಶ ಹೋಲಿಸುವುದಂತೂ ಬೇಡವೇ ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಪೊಲೀಸರು ದಾಖಲಿಸಿದ ಹೇಟ್ ಕ್ರೈಮ್ 1,40,561. ಜನಸಂಖ್ಯೆ ಆರು ಕೋಟಿ. ಮೂವತ್ತಮೂರು ಕೋಟಿಗೂ ಮೀರಿದ ಅಮೆರಿಕದಲ್ಲಿ 2024ರ ಲೆಕ್ಕ 11,679. ತಲಾವಾರು ಭಾಗಿಸಿದರೆ ಬ್ರಿಟಿಷರು ಅಮೆರಿಕನ್ನರಿಗಿಂತ ಅರವತ್ತು ಪಟ್ಟಿಗೂ ಹೆಚ್ಚು ದ್ವೇಷಿಗಳು ಎಂದಾಗುತ್ತದೆ. ಹಾಗೆ ಯಾರು ನಂಬುತ್ತಾರೆ? ಅಲ್ಲಿನ ವ್ಯವಸ್ಥೆಯ ಹಿಂದೆ ಒಂದು ನೋವಿನ ಕತೆ ಇದೆ. 1993ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಸ್ ನಿಲ್ದಾಣವೊಂದರ ಬಳಿ ಸ್ಟೀಫನ್ ಲಾರೆನ್ಸ್ ಎಂಬ ಹದಿನೆಂಟು ವರ್ಷದ ಕಪ್ಪು ಹುಡುಗನನ್ನು ಇರಿದು ಕೊಂದರು, ತನಿಖೆಯನ್ನು ಪೊಲೀಸರು ಕೆಡಿಸಿದರು. ಅದರ ವಿಚಾರಣೆ ನಡೆಸಿದ 1999ರ ಮ್ಯಾಕ್‌ಫರ್ಸನ್ ವರದಿ ಒಂದು ಸೂತ್ರ ಹೇಳಿತು: ಏಟು ತಿಂದವರಿಗಾಗಲಿ, ಬೇರೆ ಯಾರಿಗೇ ಆಗಲಿ ಇದು ಜನಾಂಗ ದ್ವೇಷ ಎನ್ನಿಸಿದರೆ ಪೊಲೀಸರು ಹಾಗೆಯೇ ದಾಖಲಿಸಬೇಕು. ಸಾಕ್ಷ್ಯ, ಶಿಕ್ಷೆ ಆಮೇಲಿನ ಮಾತು. ಅಮೆರಿಕದಲ್ಲಿ ನಿರ್ಧರಿಸುವವನು ಪೊಲೀಸ್. ಇಂಗ್ಲೆಂಡಿನಲ್ಲಿ ಏಟು ತಿಂದವನ ಮಾತೇ ದಾಖಲೆಗೆ ಸಾಕು. ಅಲ್ಲಿ ಪೊಲೀಸ್ ಪಡೆಗಳು ಲೆಕ್ಕ ಕೊಡುವುದು ಕಡ್ಡಾಯ ಕೂಡ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ, ದಾಖಲಿಸುವ ಮಟ್ಟಿಗೆ ನಾನು ಇಂಗ್ಲೆಂಡಿನ ಪರ. ಹೆಚ್ಚಾಗಿ ಬರೆದದ್ದನ್ನು ಆಮೇಲೆ ಜರಡಿ ಹಿಡಿಯಬಹುದು, ಬರೆಯದೆ ಬಿಟ್ಟದ್ದನ್ನು ಹುಡುಕಿ ತರಲು ಆಗುವುದಿಲ್ಲ.

ನಮ್ಮ ದೇಶದ ಮಾತು ನೀವು ಕೇಳಿಲ್ಲ, ಆದರೂ ಎರಡು ಸಾಲು. ಪರಿಶಿಷ್ಟರ ಮೇಲಿನ ದೌರ್ಜನ್ಯಕ್ಕೆ 1989ರ ಕಾಯ್ದೆ ಇರುವುದರಿಂದ ಅದರ ಲೆಕ್ಕ ಪ್ರತಿ ವರ್ಷ ಬರುತ್ತದೆ. ಗುಂಪು ಹತ್ಯೆ, ದ್ವೇಷಾಪರಾಧಗಳ ಲೆಕ್ಕವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2017ರಲ್ಲಿ ಕಲೆಹಾಕಿತಾದರೂ, ವ್ಯಾಖ್ಯೆ ಇಲ್ಲದ ಕಾರಣ ಮಾಹಿತಿ ನಂಬುವಂತಿಲ್ಲವೆಂದು ಅದನ್ನು ಕೈಬಿಡಲಾಯಿತು ಎಂದು ಕೇಂದ್ರ ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿತು. ಹೆಸರಿಟ್ಟ ಅಪರಾಧವನ್ನಷ್ಟೇ ಎಣಿಸಲು ಸಾಧ್ಯ.

ಹೆಸರಿನ ಈ ಮಾತು ನಿಮ್ಮ ಕೊನೆಯ ಪ್ರಶ್ನೆಗೆ ನೇರ ತಾಗುತ್ತದೆ: ನಮ್ಮವರ ಮೇಲೆ ಎಷ್ಟು? ಎಫ್‌ಬಿಐ ಕೋಷ್ಟಕದಲ್ಲಿ "ಭಾರತೀಯ" ಎಂಬ ಕಾಲಂ ಇಲ್ಲ. ನಿಮ್ಮ ಮಗಳ ಮೇಲೆ ಯಾರಾದರೂ ಕೈಮಾಡಿದರೆ — ದೇವರು ಹಾಗೆ ಮಾಡದಿರಲಿ — ಅದು ಏಷ್ಯನ್ ವಿರೋಧಿ ಎಂದು ಬೀಳಬಹುದು, ಬೇರೆ ಜನಾಂಗ–ಮೂಲದ ವಿರೋಧಿ ಎಂಬ ಕಾಲಮ್ಮಿಗೆ ಹೋಗಬಹುದು, ಹಣೆಯ ಕುಂಕುಮ ನೋಡಿ ಬೈದಿದ್ದರೆ ಹಿಂದೂ ವಿರೋಧಿ ಆಗಬಹುದು, ಬೈದವನು ಅವಳನ್ನು ಮುಸ್ಲಿಂ ಎಂದುಕೊಂಡಿದ್ದರೆ ಮುಸ್ಲಿಂ ವಿರೋಧಿಯೂ ಆಗಬಹುದು. ಏಕೆಂದರೆ ನಿಯಮದ ಪ್ರಕಾರ ನೋಡುವುದು ಅಪರಾಧಿ ಏನೆಂದುಕೊಂಡ ಎಂಬುದನ್ನು. ಅವನು ತಪ್ಪು ತಿಳಿದಿದ್ದರೂ ಅದು ಹೇಟ್ ಕ್ರೈಮೇ. 2017ರ ಫೆಬ್ರುವರಿಯಲ್ಲಿ ಕಾನ್ಸಾಸ್‌ನ ಒಲೇತಾದಲ್ಲಿ ಬಾರೊಂದರಲ್ಲಿ ಕೂತಿದ್ದ ಭಾರತೀಯ ಎಂಜಿನಿಯರ್ ಒಬ್ಬರನ್ನು ನನ್ನ ದೇಶ ಬಿಟ್ಟು ತೊಲಗು ಎಂದು ಕೂಗಿ ಗುಂಡಿಟ್ಟು ಕೊಂದವನು, ಆಮೇಲೆ ಇನ್ನೊಂದು ಊರಿನಲ್ಲಿ ಇಬ್ಬರು ಇರಾನಿಯರಿಗೆ ಗುಂಡು ಹೊಡೆದೆ ಎಂದು ಹೇಳಿಕೊಂಡಿದ್ದ. 2001ರ ಸೆಪ್ಟೆಂಬರ್ 15ರಂದು, ಅವಳಿ ಗೋಪುರ ಬಿದ್ದ ನಾಲ್ಕೇ ದಿನಕ್ಕೆ, ಅರಿಜೋನಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಸಿಖ್ಖರೊಬ್ಬರನ್ನು ಪೇಟ ನೋಡಿ ಕೊಂದರು.

ಆಗ ಸಿಖ್ಖರಿಗೂ ಕಾಲಂ ಇರಲಿಲ್ಲ. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ಬಂದೂಕು ಹಿಡಿದು ನುಗ್ಗಿದವನೊಬ್ಬ ಆರು ಜನರನ್ನು ಕೊಂದ. ಸೆಪ್ಟೆಂಬರ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ತಾಯಿಯನ್ನು ಕಳೆದುಕೊಂಡ ಹದಿನೆಂಟರ ಹುಡುಗ ಬಂದು ಕೂತ. ನನ್ನ ತಾಯಿಗೆ ಒಂದು ಅಂಕಿಯಾಗುವ ಘನತೆಯನ್ನಾದರೂ ಕೊಡಿ ಎಂದು ಕೇಳಲು ಬಂದಿದ್ದೇನೆ ಎಂದ. ಸರ್ಕಾರದ ಫಾರಮ್ಮಿನಲ್ಲಿ ಅವರು ಲೆಕ್ಕಕ್ಕೇ ಬರುವುದಿಲ್ಲ ಎಂದ. ಅಂಕಿಅಂಶದ ಕೆಲಸ ಮಾಡುವ ನನಗೆ ಆ ಮಾತನ್ನು ಈಗಲೂ ಗಂಟಲು ಬಿಗಿಯದೆ ಓದಲು ಆಗುವುದಿಲ್ಲ. 2015ರ ಲೆಕ್ಕದಿಂದ ಸಿಖ್, ಹಿಂದೂ, ಅರಬ್ ಮುಂತಾದ ಕಾಲಂಗಳು ಬಂದವು. 85 ಎಂಬ ಸಂಕೇತದ ಹಿಂದೆ ಆ ಹುಡುಗನೂ ಅವನ ಹಾಗೆ ಹಟ ಹಿಡಿದ ಸಮುದಾಯವೂ ಇದೆ. 2022ರಲ್ಲಿ ಸಿಖ್ ವಿರೋಧಿ ಎಂದು ದಾಖಲಾದ ಘಟನೆಗಳು 181. ಕಾಲಂ ಬರುವ ಮುಂಚೆ ಇಂಥವು ನಡೆಯುತ್ತಿರಲಿಲ್ಲವೇ?

ಆದ್ದರಿಂದ ಭಾರತೀಯರ ಮೇಲೆ ಇಷ್ಟೇ ಎಂದು ಯಾರಾದರೂ ಎಫ್‌ಬಿಐ ಹೆಸರಿನಲ್ಲಿ ಒಂದು ಸಂಖ್ಯೆ ಫಾರ್ವರ್ಡ್ ಮಾಡಿದರೆ ನಂಬಬೇಡಿ. ಬರೀ ಬೈದದ್ದು, ಉಗುಳುವ ಹಾಗೆ ನೋಡಿದ್ದು ಎಫ್‌ಬಿಐ ಲೆಕ್ಕಕ್ಕೆ ಬರುವುದೂ ಇಲ್ಲ. ಅಮೆರಿಕದಲ್ಲಿ ಮಾತು ಎಷ್ಟೇ ಹೊಲಸಾಗಿದ್ದರೂ ಬೆದರಿಕೆಯಂಥ ಅಪರಾಧ ಜೊತೆಗಿಲ್ಲದೆ ಅದು ಕ್ರೈಮ್ ಅಲ್ಲ. ಅಂಥವನ್ನು ಸಮುದಾಯದ ಸಂಘಟನೆಗಳು ಬೇರೆಯಾಗಿ ಕೂಡಿಡುತ್ತವೆ. ಕೋವಿಡ್‌ನ ಮೊದಲ ವರ್ಷದಲ್ಲಿ ಏಷ್ಯನ್ನರ ಪರವಾದ ಒಂದು ಒಕ್ಕೂಟಕ್ಕೆ ಸುಮಾರು 3,800 ದೂರು ಬಂದವು. ಆದರೆ 2020ರ ಎಫ್‌ಬಿಐ ಲೆಕ್ಕದಲ್ಲಿ ಏಷ್ಯನ್ ವಿರೋಧಿ ಘಟನೆಗಳು ಮುನ್ನೂರರ ಒಳಗಿದ್ದವು.

ಮಗಳಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ. ಏನಾದರೂ ಆದರೆ ಊರಿನ ಪೊಲೀಸರಿಗೇ ಮೊದಲು ಹೇಳಬೇಕು, ದೇಶದ ಲೆಕ್ಕ ಶುರುವಾಗುವುದು ಅಲ್ಲಿಂದ. ಎಫ್‌ಬಿಐಗೂ ನೇರವಾಗಿ ತಿಳಿಸಬಹುದು, ತನಿಖೆಗೆ ಅನುಕೂಲ. ಎದುರಿನವನು ಆಡಿದ ಮಾತನ್ನು ಮುಜುಗರಪಡದೆ, ಸೌಮ್ಯ ಮಾಡದೆ, ಹೇಗಿತ್ತೋ ಹಾಗೇ ಹೇಳಲಿ. ನಮ್ಮ ಹೆಣ್ಣುಮಕ್ಕಳು "ಏನೋ ಕೆಟ್ಟದಾಗಿ ಬೈದ" ಎಂದು ನಿಲ್ಲಿಸಿಬಿಡುತ್ತಾರೆ. ಆ "ಏನೋ" ಎಂಬುದನ್ನು ಯಾವ ಸಂಕೇತಕ್ಕೂ ಹಾಕಲು ಬರುವುದಿಲ್ಲ. ಆ ಮಾತು ವರದಿಯ ಒಳಗೆ ಇದೆಯೇ ಎಂದು ಅಲ್ಲೇ ಕೇಳಲಿ, ಕೇಸ್ ನಂಬರ್ ಬರೆದಿಟ್ಟುಕೊಳ್ಳಲಿ. ವಾರ ಕಳೆದು ಆ ನಂಬರ್ ಹಿಡಿದು ಫೋನ್ ಮಾಡಿ, ಬಯಾಸ್ ಕಾಲಮ್ಮಿನಲ್ಲಿ ಏನು ಹಾಕಿದ್ದೀರಿ ಎಂದು ವಿಚಾರಿಸಲಿ. 88 ಎಂದರೆ, ಯಾಕೆ ಎಂದು ಕೇಳಲಿ. ಒಮ್ಮೆ ಹಾಕಿದ ಸಂಕೇತವನ್ನು ತನಿಖೆಯ ನಂತರ ತಿದ್ದಿ ಮತ್ತೆ ಕಳಿಸಲು ಆ ವ್ಯವಸ್ಥೆಯಲ್ಲಿ ಅವಕಾಶವಿದೆ.